ರಕ್ತದ ಮೂಲ ಹುಡುಕುತ್ತಾ ಎಡವಿದ್ದು

ಜೀಬ್ರಾ ಮೀನಿನ ಭ್ರೂಣ ಪಾರದರ್ಶಕ. ರಕ್ತದ ಕಾಂಡಕೋಶ ಹುಟ್ಟುವುದನ್ನು ಅದರಲ್ಲಿ ಕಣ್ಣಾರೆ ನೋಡಬಹುದು ಎಂಬ ಆಸೆಯಿಂದ ಈ ಕೆಲಸಕ್ಕೆ ಬಿದ್ದೆ. ಹೊಸಬರಿಗೆ ಕೊಡಲು ನನ್ನಲ್ಲಿರುವುದು ಹೆಚ್ಚಾಗಿ ಎಡವಟ್ಟುಗಳೇ.

1. ಕೆಂಪಗಿದ್ದದ್ದೆಲ್ಲ ಕಾಂಡಕೋಶದ ಸಂತಾನವಲ್ಲ

ಔಷಧಿ ಹಾಕಿದ ಒಂದು ದಿನದ ಭ್ರೂಣದಲ್ಲಿ ರಕ್ತ ಜಾಸ್ತಿ ಕಂಡಿತು. ಕಾಂಡಕೋಶ ಹೆಚ್ಚಿತೆಂದು ಲ್ಯಾಬ್ ಮೀಟಿಂಗಿನಲ್ಲಿ ಸಾರಿಬಿಟ್ಟೆ. "ಇದು ಯಾವ ಅಲೆಯ ರಕ್ತ?" ಎಂದು ಹಿರಿಯರೊಬ್ಬರು ಕೇಳಿದಾಗ ಬಾಯಿ ಕಟ್ಟಿತು. ಮೊದಲ ಅಲೆಯ ಕೆಂಪು ಕಣಗಳು ಕಾಂಡಕೋಶದ ಹಂಗಿಲ್ಲದೆ ಹುಟ್ಟುತ್ತವೆ, ಅವುಗಳದ್ದು ತಾತ್ಕಾಲಿಕ ಕೆಲಸ. ಬದುಕಿಡೀ ರಕ್ತ ತಯಾರಿಸುವ ಕಾಂಡಕೋಶಗಳು ಬರುವುದು ಆಮೇಲೆ, ಮಹಾಪಧಮನಿಯ ಕೆಳಗೋಡೆಯಿಂದ. ಗೋಡೆಯ ಚಪ್ಪಟೆ ಕೋಶವೊಂದು ಬಾಗುತ್ತದೆ, ಉಂಡೆಯಾಗುತ್ತದೆ, ಅಕ್ಕಪಕ್ಕದವುಗಳ ಹಿಡಿತ ಬಿಡಿಸಿಕೊಂಡು ಕೆಳಗಿನ ಜಾಗಕ್ಕೆ ಜಾರುತ್ತದೆ. ಇದರ ಜೀವಂತ ಚಿತ್ರಣ 2010ರಲ್ಲಿ ಪ್ರಕಟವಾಗಿತ್ತು. ಓದಿದ್ದೆ, ತಲೆಗೆ ಹೋಗಿರಲಿಲ್ಲ.

2. ಗಡಿಯಾರ ಬಿಡಿ, ಭ್ರೂಣ ನೋಡಿ

ಒಂದು ತಟ್ಟೆ 28.5 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ, ಔಷಧಿ ಹಾಕಿದ ಇನ್ನೊಂದು ಮರೆತು ಎಸಿ ಕೋಣೆಯ ಮೇಜಿನ ಮೇಲೆ. ತಣ್ಣಗಿದ್ದ ಭ್ರೂಣಗಳ ಬೆಳವಣಿಗೆ ನಿಧಾನ. ಕಾಂಡಕೋಶಕ್ಕೆ ಬೇಕಾದ ರನ್‌ಎಕ್ಸ್1 ಜೀನಿನ ಚಟುವಟಿಕೆ ಅಲ್ಲಿ ಕಡಿಮೆ ಕಂಡದ್ದನ್ನು ಔಷಧಿಯ ಪರಿಣಾಮ ಎಂದುಕೊಂಡೆ. ಗಂಟೆ ಒಂದೇ ಆಗಿದ್ದರೂ ಬೆಳವಣಿಗೆಯ ಹಂತ ಬೇರೆಯಾಗಿತ್ತು.

3. ಮೊದಲು ಹೃದಯ, ಆಮೇಲೆ ಜೀನ್

ನನಗೆ ತುಂಬಾ ದುಬಾರಿಯಾದ ಪಾಠ ಇದು. ಒಂದು ಜೀನನ್ನು ತಡೆದಾಗ ಕಾಂಡಕೋಶಗಳು ಕಡಿಮೆಯಾದವು. ಆ ಜೀನೇ ನೇರ ಯಜಮಾನ ಎಂದು ತಿಂಗಳುಗಟ್ಟಲೆ ಬೀಗಿದೆ. ಭ್ರೂಣಗಳ ಎದೆಬಡಿತ ಕ್ಷೀಣವಾಗಿದ್ದುದನ್ನು ನೋಡಿಯೇ ಇರಲಿಲ್ಲ. ರಕ್ತದ ಹರಿವು ಅಪಧಮನಿಯ ಗೋಡೆಯನ್ನು ಉಜ್ಜುವುದೇ ಒಂದು ಸಂಕೇತ ಎಂದು 2009ರಲ್ಲೇ ಎರಡು ತಂಡಗಳು ತೋರಿಸಿದ್ದವು. ಹೃದಯ ಬಡಿಯದ ಮೀನಿನ ಭ್ರೂಣದಲ್ಲಿ ಕಾಂಡಕೋಶಗಳ ಸಂಖ್ಯೆ ಕುಸಿಯುತ್ತದೆ; ಆ ಸಂಕೇತವನ್ನು ಒಯ್ಯುವ ನೈಟ್ರಿಕ್ ಆಕ್ಸೈಡ್ ಒದಗಿಸಿದರೆ ಚೇತರಿಕೆ ಕಾಣುತ್ತದೆ. ಅಂದರೆ ನನ್ನ ಜೀನನ್ನು ತಡೆದದ್ದು ಹೃದಯವನ್ನಷ್ಟೇ ಕೆಡಿಸಿದ್ದರೂ ಅದೇ ಫಲಿತಾಂಶ ಬರುತ್ತಿತ್ತು. ಈಗ ಪ್ರತಿ ಗುಂಪಿನ ಎದೆಬಡಿತದ ವಿಡಿಯೊ ಮೊದಲು ತೆಗೆಯುತ್ತೇನೆ. ಬೇಸರದ ಕೆಲಸ, ಆದರೂ.

4. ಹೊಳೆದ ಮಾತ್ರಕ್ಕೆ ಬಿರುದು ಕೊಡಬೇಡಿ

ಹೊಳೆಯುವ ಪ್ರೋಟೀನಿನ ಗುರುತಿನಿಂದ ಹಸಿರಾಗಿ ಕಂಡ ಕೋಶವನ್ನೆಲ್ಲ ಪೋಸ್ಟರಿನಲ್ಲಿ ಕಾಂಡಕೋಶ ಎಂದು ಬರೆದಿದ್ದೆ. ಮಜ್ಜೆ ನಾಶವಾದ ಪ್ರಾಣಿಗೆ ಕಸಿ ಮಾಡಿದಾಗ ಎಲ್ಲ ಬಗೆಯ ರಕ್ತಕಣಗಳನ್ನು ದೀರ್ಘಕಾಲ ಕೊಟ್ಟರೆ ಮಾತ್ರ ಆ ಹೆಸರು ಸಲ್ಲುತ್ತದೆ. ಇಲಿಯಲ್ಲಾದರೆ ನಾಲ್ಕು ತಿಂಗಳಾದರೂ ಕಾಯುವುದು ವಾಡಿಕೆ. ಮೆಲ್ಬರ್ನ್‌ನ ತಂಡವೊಂದು ಮಾನವ ಕೋಶಗಳಿಂದ ತಟ್ಟೆಯಲ್ಲಿ ಬೆಳೆಸಿದ ರಕ್ತಕೋಶಗಳ ವಿಷಯವನ್ನು 2024ರಲ್ಲಿ ಪ್ರಕಟಿಸಿದಾಗಲೂ, ಅವು ಇಲಿಗಳ ಮಜ್ಜೆಯಲ್ಲಿ ನೆಲೆಯೂರಿದ್ದನ್ನೇ ಪುರಾವೆಯಾಗಿ ಮುಂದಿಟ್ಟಿತು.