ತೇರೂ ನೋಡು, ಕೊರಳೂ ನೋಡಿಕೋ

ಮಗಳೇ, ಮಾಗಡಿ ತಿರುಮಲೆ ರಂಗನಾಥಸ್ವಾಮಿಯ ತೇರಿಗೆ ಕುದೂರಿನಿಂದ ನೀವೆಲ್ಲ ಹೊರಟು ನಿಂತರೆ ಬೇಡ ಅನ್ನುವವಳಲ್ಲ ನಾನು. ಏಪ್ರಿಲ್ ಬಿಸಿಲು, ದನಗಳ ಜಾತ್ರೆ, ಅರವಟ್ಟಿಗೆಯ ಪಾನಕ, ಕಡ್ಲೆಪುರಿ ಬಿಟ್ಟು ಮನೆಯಲ್ಲಿ ಕೂತು ಏನು ಮಾಡ್ತೀಯ? ಆದರೆ ತೇರು ಅಲುಗುವ ಗಳಿಗೆ ನೆನಪಿರಲಿ. ಹಣ್ಣು-ದವನ ಎಸೆಯಲು ಎಲ್ಲರ ಕೈಯೂ ಮೇಲೆ, ಎಲ್ಲರ ಕಣ್ಣೂ ಕಳಶದ ಮೇಲೆ. ನಿನ್ನ ಕೊರಳು ನೋಡುವವನು ಅದಕ್ಕೇ ಕಾದವನೊಬ್ಬನೇ.

ಮೂವತ್ತು ವರ್ಷದ ಹಿಂದೆ ನನ್ನ ತಂಗಿಯ ಎರಡೆಳೆ ಸರ ಹೋದದ್ದು ಹೀಗೇ, ಒಂದು ತೇರಿನ ನೂಕುನುಗ್ಗಲಲ್ಲಿ. ಅತ್ತಳು. ‘ದೇವರಿಗೆ ಸೇರಿತು ಅಂದ್ಕೋ’ ಅಂತ ನಾವೇ ಸಮಾಧಾನ ಹೇಳಿ ಬಸ್ಸು ಹತ್ತಿಸಿದೆವು. ಬೇರೆ ಊರಿನ ಠಾಣೆಗೆ ಯಾರು ಅಲೀತಾರೆ ಅಂತ ದೂರು ಕೊಡಲಿಲ್ಲ. ಈಗ ನೆನೆದರೆ ನಾಚಿಕೆ. ಆ ಸರ ದೇವರ ಲೆಕ್ಕಕ್ಕೂ ಸೇರಲಿಲ್ಲ, ಪೊಲೀಸರ ಲೆಕ್ಕಕ್ಕೂ ಸೇರಲಿಲ್ಲ. ಜಾತ್ರೆ ಮುಗಿದ ಮೇಲೆ ಕಡತ ತೆಗೆದವರಿಗೆ ಎಲ್ಲ ನೆಮ್ಮದಿಯಾಗಿ ನಡೆದಂತೆಯೇ ಕಾಣುತ್ತದೆ. ಮುಂದಿನ ವರ್ಷ ಬಂದೋಬಸ್ತ್ ಹೆಚ್ಚಿಸಿ ಅಂತ ಕೇಳೋದು ಯಾವ ಬಾಯಲ್ಲಿ? ಜಾತ್ರೆ ಬಂದರೆ ಕಳ್ಳತನ ಹೆಚ್ಚುತ್ತೋ ಇಲ್ಲವೋ ಅಂತ ಅರಳಿಕಟ್ಟೆ ಮೇಲೆ ವಾದ ಹೂಡುವ ಗಂಡಸರಿಗೂ ನನ್ನದೊಂದೇ ಪ್ರಶ್ನೆ, ಬರೆಸದೇ ಬಿಟ್ಟದ್ದನ್ನ ಎಣಿಸೋದು ಹೇಗಪ್ಪಾ?

ಈಗಂತೂ ಅಲೆಯಬೇಕಿಲ್ಲ. 2024ರ ಜುಲೈ 1ರಿಂದ ಬಂದ ಹೊಸ ಕಾನೂನುಗಳಲ್ಲಿ, ಮಾಗಡಿಯಲ್ಲಿ ಕಳವಾದದ್ದಕ್ಕೆ ಕುದೂರು ಠಾಣೆಯಲ್ಲೇ ದೂರು ಬರೆಸಬಹುದು. ಎಫ್‌ಐಆರ್ ಪ್ರತಿಯನ್ನ ಪುಕ್ಕಟೆ ಕೊಡಬೇಕು. ಸರ ಕಿತ್ತು ಓಡುವುದಕ್ಕೆ 304ನೇ ಕಲಂ ಅಂತ ಬೇರೆಯೇ ಇದೆ, ಮೂರು ವರ್ಷದವರೆಗೆ ಜೈಲು. ಫೋನ್ ಹೋದರೆ ದೂರಿನ ಪ್ರತಿ ಹಿಡಿದು ಸಿಇಐಆರ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಬ್ಲಾಕ್ ಮಾಡಿಸು.

ತೇರಿನ ಫೋಟೋನ ಸ್ಟೇಟಸ್ಸಿಗೆ ಹಾಕೋದು ಮನೆಗೆ ಬಂದ ಮೇಲೆ. ಮನೆಗೆ ಬೀಗ ಬಿದ್ದಿದೆ ಅಂತ ಊರಿಗೆಲ್ಲ ಡಂಗುರ ಯಾಕೆ? ನಿಮ್ಮಜ್ಜ ಜಾತ್ರೆಗೆ ಹೊರಟರೆ ಮನೆಯಲ್ಲಿ ಒಬ್ಬರನ್ನಾದರೂ ಬಿಟ್ಟೇ ಹೋಗೋರು, ದುಡ್ಡು ಪಂಚೆಯ ಒಳಗಂಟಲ್ಲಿ. ಈ ಸಲ ಕಾವಲಿಗೆ ನಾನಿದ್ದೇನೆ, ಸರ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋಗು.

ಅಷ್ಟಾಗಿಯೂ ಏನಾದರೂ ಕಳೆದರೆ, ಬಸ್ಸಿಳಿದವಳು ಅಳುತ್ತಾ ಮನೆಗೆ ಬರಬೇಡ. ನೇರ ಠಾಣೆಗೆ ನಡಿ. ಫೋನ್ ಮಾಡು, ನಾನೂ ಬರ್ತೀನಿ.