ಎಲೆ ಮರೆಯ ಲೋಚ್ ಮರಿ

ಅಕ್ವೇರಿಯಂ ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯುವ ಮುನ್ನ ಒಂದು ನಿಮಿಷ ತಾಳಿ. ತೊಟ್ಟಿಯದೇ ನೀರು ತುಂಬಿದ ಬಿಳಿ ಟಬ್‌ನಲ್ಲಿ ಅದನ್ನು ಮೆಲ್ಲಗೆ ಅದ್ದಿ ನೋಡಿ. ನೂಲೆಳೆಯಂಥದ್ದೊಂದು ಸರಕ್ಕನೆ ಹೊರಳಿತೇ? ಕೂಲಿ ಲೋಚ್ ಸಾಕುವವರ ಮನೆಯಲ್ಲಾದರೆ ಅದು ಹುಳುವಲ್ಲ, ಮರಿ ಇರಬಹುದು. ಅನೇಕರಿಗೆ ಮರಿ ಸಿಕ್ಕಿರುವುದು ಹೀಗೆಯೇ. ದೊಡ್ಡವು ತಮ್ಮ ಮೊಟ್ಟೆಯನ್ನೇ ತಿಂದುಬಿಡುತ್ತವೆ. ಫಿಲ್ಟರಿನೊಳಗೋ ಜಲ್ಲಿಯ ಸಂದಿಯಲ್ಲೋ ಸೇರಿಕೊಂಡವು ಬದುಕುತ್ತವೆ.

ಕೂಲಿ ಲೋಚ್ ಮಲೇಷ್ಯಾ, ಇಂಡೋನೇಷ್ಯಾ ಕಡೆಯ ಕಾಡುತೊರೆಗಳ ಮೀನು. ಎಲೆ ಕೊಳೆತು ಚಹಾ ಬಣ್ಣಕ್ಕೆ ತಿರುಗಿದ ಮೆದು ನೀರು ಅದರ ತವರು. ಹಾವಿನಂತೆ ಉದ್ದನೆಯ ಮೈ, ಹಳದಿಯ ಮೇಲೆ ಕಂದು ಪಟ್ಟೆ, ಬೆಳೆದರೆ 8ರಿಂದ 10 ಸೆಂ.ಮೀ. ಹಗಲು ಅಡಗಿದ್ದು ರಾತ್ರಿ ಹೊರಬರುತ್ತದೆ. ಒಂಟಿಯಾಗಿಟ್ಟರೆ ಮುಖವನ್ನೇ ತೋರಿಸದು. ಕನಿಷ್ಠ ಆರಾದರೂ ಇರಲಿ. ಹೆಣ್ಣಿನ ಹೊಟ್ಟೆ ದಪ್ಪಗಾಗಿ, ಚರ್ಮದ ಮೂಲಕ ಹಸಿರು ಛಾಯೆ ಕಂಡರೆ ಮೊಟ್ಟೆ ಕಟ್ಟಿದೆ ಎಂದು ತಿಳಿಯಿರಿ. ಇದರ ಮೊಟ್ಟೆಗಳೇ ಹಸಿರು.

ಮರಿ ಕಂಡೊಡನೆ ಬಲೆ ಹಾಕಬೇಡಿ. ಈ ಮೀನಿನ ಕಣ್ಣಿನ ಕೆಳಗೊಂದು ಪುಟ್ಟ ಮುಳ್ಳಿದೆ, ಬಲೆಗೆ ಸಿಕ್ಕಿಕೊಂಡರೆ ಗಾಯವಾಗುತ್ತದೆ. ಲೋಟದಲ್ಲಿ ನೀರು ಸಮೇತ ಮೊಗೆದು, 20ರಿಂದ 30 ಲೀಟರಿನ ಬೇರೆ ತೊಟ್ಟಿಗೆ ಬಿಡಿ. ಅಲ್ಲಿಗೆ ಹಳೆಯ ತೊಟ್ಟಿಯ ನೀರನ್ನೇ ತುಂಬಿ, ಹಳೆಯ ತೊಟ್ಟಿಯಲ್ಲಿ ಈಗಾಗಲೇ ಓಡಿ ಪಳಗಿದ ಸ್ಪಂಜ್ ಫಿಲ್ಟರನ್ನೇ ಇಡಿ. ತಳಕ್ಕೆ ನುಣ್ಣನೆಯ ಮರಳು ತೆಳುವಾಗಿ ಸಾಕು. ಉಷ್ಣತೆ 25ರಿಂದ 27 ಡಿಗ್ರಿ ಸೆಲ್ಸಿಯಸ್. ನಮ್ಮ ಬೀದಿಗಳಲ್ಲಿ ಉದುರುವ ಕಾಡು ಬಾದಾಮಿಯ ಒಣ ಎಲೆಯನ್ನು ತೊಳೆದು ಒಂದೆರಡು ಹಾಕಿ: ಮರಿಗೆ ಮರೆಯಾಯಿತು, ಎಲೆಯ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳು ಊಟವೂ ಆದವು. ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬಹಳ ಗಡಸಾಗಿದ್ದರೆ ಆರ್‌ಒ ನೀರು ಬೆರೆಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಸುರಿಯಬೇಡಿ.

ಸೋಲು ಗೆಲುವು ನಿರ್ಧಾರವಾಗುವುದು ಊಟದಲ್ಲಿ. ಮರಿಯ ಬಾಯಿ ತೀರಾ ಚಿಕ್ಕದು, ಮೊದಲ ಕೆಲವು ದಿನ ಇನ್ಫ್ಯುಸೋರಿಯಾ ಎಂಬ ನೀರಿನ ಸೂಕ್ಷ್ಮಜೀವಿಗಳು ಮಾತ್ರ ಹಿಡಿಸುತ್ತವೆ. ಆಮೇಲೆ ಆಗ ತಾನೇ ಮೊಟ್ಟೆಯೊಡೆದು ಬಂದ ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸಿಗಡಿಗೆ ಸಮನಾದದ್ದು ಇನ್ನೊಂದಿಲ್ಲ. ಒಂದು ಲೀಟರ್ ನೀರಿಗೆ ಸುಮಾರು 25 ಗ್ರಾಂ ಉಪ್ಪು ಕರಗಿಸಿ, ಅರ್ಧ ಚಮಚ ಆರ್ಟೀಮಿಯಾ ಮೊಟ್ಟೆ ಹಾಕಿ, ಏರ್ ಪಂಪಿನಿಂದ ನೀರು ಕುದಿಯುವಂತೆ ಗುಳ್ಳೆ ಬಿಡಿ. ಬೆಳಕಿರಲಿ. 24ರಿಂದ 36 ಗಂಟೆಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಗಳು ಈಜತೊಡಗುತ್ತವೆ. ಪಂಪ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಸಿಪ್ಪೆ ಮೇಲೆ ತೇಲುತ್ತದೆ. ಕೆಳಗಿನಿಂದ ಪೈಪಿನಲ್ಲಿ ಎಳೆದು, ಬಟ್ಟೆಯಲ್ಲಿ ಸೋಸಿ, ಸಿಹಿನೀರಲ್ಲಿ ತೊಳೆದು ಕೊಡಿ. ದಿನಕ್ಕೆ ಮೂರು ಸಲ, ಪ್ರತಿ ಸಲವೂ ಸ್ವಲ್ಪವೇ. ಹೊಟ್ಟೆ ಕಿತ್ತಳೆಯಾದರೆ ಉಂಡಿದೆ ಎಂದರ್ಥ. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಕೊಡಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ, ಇಷ್ಟು ಸಣ್ಣ ತೊಟ್ಟಿಯ ನೀರು ಅದರಿಂದ ಬೇಗ ಕೆಡುತ್ತದೆ. ಉಳಿದ ಆಹಾರವನ್ನು ದಿನವೂ ತೆಳು ಕೊಳವೆಯಲ್ಲಿ ಹೀರಿ ತೆಗೆದು, ಅಷ್ಟೇ ಹೊಸ ನೀರನ್ನು ಹನಿಹನಿಯಾಗಿ ಬಿಡಿ. ತಾಮ್ರವಿರುವ ಔಷಧ ಬೇಡ. ಸಣ್ಣ ಹುರುಪೆಯ ಈ ಮೀನು ಅದನ್ನು ತಾಳದು.

ಇನ್ನು ಫೋಟೋ. ಎಳೆಯ ಮರಿ ಹೆಚ್ಚುಕಡಿಮೆ ಪಾರದರ್ಶಕ. ಕಿವಿರಿನ ಎಳೆಗಳು ಕೆಲವು ದಿನ ತಲೆಯ ಹೊರಗೇ ಚಾಚಿರುತ್ತವೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಇದೆಲ್ಲ ಮಾಯ, ಗಾಜಿನ ಮಿಂಚು ಮಾತ್ರ ಉಳಿಯುತ್ತದೆ. ತೊಟ್ಟಿಯ ಹಿಂದೆ ಕಪ್ಪು ಬಟ್ಟೆ ಕಟ್ಟಿ, ಬೆಳಕನ್ನು ಮೇಲಿನಿಂದ ಇಲ್ಲವೇ ಪಕ್ಕದಿಂದ ಕೊಡಿ. ಕೋಣೆಯ ದೀಪ ಆರಿಸಿ, ಗಾಢ ಬಣ್ಣದ ಅಂಗಿ ತೊಡಿ. ತಿಳಿಬಣ್ಣದ್ದಾದರೆ ನಿಮ್ಮದೇ ಬಿಂಬ ಗಾಜಿನಲ್ಲಿ ಮೂಡುತ್ತದೆ. ಲೆನ್ಸ್ ಗಾಜಿಗೆ ನೇರವಾಗಿರಲಿ, ಓರೆಯಾದರೆ ಚಿತ್ರ ಕದಡುತ್ತದೆ. ಮ್ಯಾಕ್ರೋ ಲೆನ್ಸ್ ಇದ್ದರೆ ಎಫ್/8, ಶಟರ್ 1/200ರಿಂದ ಶುರು ಮಾಡಿ. ಮೊಬೈಲಾದರೆ ಮ್ಯಾಕ್ರೋ ಮೋಡ್‌ನಲ್ಲಿ, ಮೊಣಕೈಯನ್ನು ಮೇಜಿಗೆ ಊರಿ, ಒಂದೇ ಸಮನೆ ಹತ್ತಿಪ್ಪತ್ತು ತೆಗೆಯಿರಿ. ಒಂದಾದರೂ ಚೆನ್ನಾಗಿ ಬರುತ್ತದೆ. ಮರಿಯನ್ನು ಅಟ್ಟಿಕೊಂಡು ಹೋಗುವುದು ವ್ಯರ್ಥ. ಗಾಜಿನ ಹತ್ತಿರ ಎರಡು ಹನಿ ಆರ್ಟೀಮಿಯಾ ಬಿಟ್ಟು, ಅಲ್ಲಿಗೇ ಫೋಕಸ್ ಇಟ್ಟು ಕಾಯಿರಿ. ತಾನಾಗಿ ಬರುತ್ತದೆ.

ವಾರಕ್ಕೊಂದು ಫೋಟೋವನ್ನು ಗಾಜಿನ ಹಿಂದೆ ಗ್ರಾಫ್ ಹಾಳೆ ಅಂಟಿಸಿ ತೆಗೆಯಿರಿ. ಬೆಳವಣಿಗೆ ಮಿಲಿಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಹೊಟ್ಟೆ ಬತ್ತಿದ್ದರೆ ಕಣ್ಣಿಗೆ ಮೊದಲೇ ಬೀಳುತ್ತದೆ. ಫೋಟೋಗಾಗಿ ಮರಿಯನ್ನು ನೀರಿನಿಂದ ಹೊರಗೆ ಮಾತ್ರ ತೆಗೆಯಬೇಡಿ.

ಕೂಲಿ ಹೊರನಾಡಿನದಾದರೆ, ನಮ್ಮ ನೆಲದ್ದೇ ಒಂದು ಲೋಚ್ ಇದೆ, ಝೀಬ್ರಾ ಲೋಚ್. ಶಿವಮೊಗ್ಗದ ತುಂಗಾ ನದಿಯ ಮೀನುಗಳನ್ನು ನೋಡಿ 1920ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟವರು ಸಿ.ಆರ್. ನಾರಾಯಣರಾವ್. ಇಂದು ಅದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅಂಗಡಿಯಲ್ಲಿ ಕಂಡರೆ, ಹೊಳೆಯಿಂದ ಹಿಡಿದದ್ದೋ ಫಾರ್ಮಿನಲ್ಲಿ ಬೆಳೆಸಿದ್ದೋ ಎಂದು ಕೇಳಿ, ಹೊಳೆಯದಾದರೆ ಕೊಳ್ಳಬೇಡಿ. ನಿಮ್ಮ ಕೂಲಿ ಮರಿಗಳು ಹೆಚ್ಚಾದರೆ ಸಾಕಬಲ್ಲ ಇನ್ನೊಬ್ಬರಿಗೆ ಕೊಡಿ. ಕೆರೆಗೂ ಹೊಳೆಗೂ ಒಂದನ್ನೂ ಬಿಡಬೇಡಿ.