ಗರ್ಬಾಕ್ಕೆ ಮುನ್ನ ಕೋಲಾಟ
ವರ್ಷವಿಡೀ ಕುರ್ಚಿಯಲ್ಲಿ ಕುಳಿತು ದುಡಿಯುವ ನಾವು, ನವರಾತ್ರಿ ಬಂದೊಡನೆ ವಡೋದರದ ಗರ್ಬಾ ಮೈದಾನದಲ್ಲಿ ಮೂರು ತಾಸು ಸುತ್ತುತ್ತೇವೆ. 2023ರಲ್ಲಿ ಗುಜರಾತಿನಲ್ಲಿ ಗರ್ಬಾ ಆಡುತ್ತಲೇ ಕುಸಿದು ಮೃತರಾದವರಲ್ಲಿ ಎಳೆಯರೂ ಇದ್ದರು. ಆದ್ದರಿಂದ ತಿಂಗಳ ಮೊದಲೇ ಮನೆಯ ತಾರಸಿಯ ಮೇಲೆ ನಮ್ಮೂರಿನ ಕೋಲಾಟದಿಂದ ಮೈ ಪಳಗಿಸುವುದು ಒಳ್ಳೆಯದು.

ಎಂಟು ಮಂದಿ ಸಾಕು. ನಾಲ್ಕು ಜೋಡಿಗಳು ವರ್ತುಲದಲ್ಲಿ ಎದುರುಬದುರು ನಿಂತು, ಮೊದಲು ತಮ್ಮ ಕೋಲುಗಳನ್ನೇ ತಟ್ಟಿ, ಬಳಿಕ ಜೊತೆಗಾರರ ಕೋಲಿಗೆ ತಟ್ಟಬೇಕು. ಅನಂತರ ಒಬ್ಬರು ಒಳಬದಿಯಿಂದ, ಮತ್ತೊಬ್ಬರು ಹೊರಬದಿಯಿಂದ ಮುಂದೆ ಸಾಗಿ ಹೊಸ ಜೊತೆಯನ್ನು ಎದುರುಗೊಳ್ಳುವರು. ನಾಲ್ಕನೆಯ ಬದಲಾವಣೆಗೆ ಮೊದಲ ಜೊತೆ ಮರಳಿ ಸಿಗುವುದು. ಮೊದಲ ವಾರ ಹತ್ತು ನಿಮಿಷ ಮಾತ್ರ ಆಡಿರಿ. ಮಾತನಾಡಲು ಉಸಿರು ಸಾಲದಿದ್ದರೆ ಲಯವನ್ನು ತಗ್ಗಿಸಿರಿ.

ಎದೆ ಬಿಗಿದು ತಣ್ಣನೆಯ ಬೆವರು ಕಂಡಲ್ಲಿ, ವಾಯುವೆಂದು ಜೀರಿಗೆ ಕಷಾಯ ಕಾಯಿಸುತ್ತ ಕೂರದೆ (ನಮ್ಮವರಿಗೆ ಇದೊಂದು ಚಟ!) ಕೂಡಲೇ 108ಕ್ಕೆ ಕರೆ ಮಾಡಿರಿ.